ಎರಡು ಹಗ್ಗದ ಬಾವಿ

ಮೊನ್ನೆ ಮಗ ಕೃಷ್ಣರಾಜನಗರದ ಸಂತೆಯಿಂದ ತೆಂಗಿನ ನಾರಿನ ಹೊಸ ಹಗ್ಗ ತಂದು, ಹದವಾಗಲಿ ಎಂದು ತೊಟ್ಟಿಯಲ್ಲಿ ನೆನೆಹಾಕಿದ್ದ. ಆ ನೆನೆದ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಮರಳಿತು. ಇಷ್ಟು ವರ್ಷವಾದ ಮೇಲೂ... ಬೈಬಲ್ ಶಾಲೆಯ ದಿನಗಳ ಪಕ್ಕದ ಮನೆಯ ಆ ಅಕ್ಕ ಕಣ್ಣೆದುರು ಬಂದು ನಿಂತಳು.

ಮಹಾರಾಜರ ಕಾಲ. ನಾನು ಆಗಷ್ಟೇ ಮದುವೆಯಾಗಿ ಬಂದವಳು. ನನ್ನ ಗಂಡ ಹಳ್ಳಿಗಳಲ್ಲಿ ಯೇಸುವಿನ ಮಾತು ಸಾರುವ ಉಪದೇಶಿಯಾಗಬೇಕೆಂದು ಹುಣಸೂರಿನಾಚೆ ಮಿಷನ್ನಿನವರು ಹೊಸದಾಗಿ ತೆರೆದಿದ್ದ ಬೈಬಲ್ ಶಾಲೆಗೆ ಸೇರಿದರು. ಹೆಂಡತಿಯರೂ ಜೊತೆಗಿದ್ದು ಅಕ್ಷರ ಕಲಿಯಬೇಕೆಂಬುದು ಅಲ್ಲಿನ ಕಟ್ಟಳೆ. ಶಾಲೆ ಎಂದರೆ ಲಂಟಾನ ಕಡಿದು ಮಾಡಿದ ಬಯಲು, ಹುಲ್ಲು ಹೊದಿಸಿದ ಒಂದು ಪಡಸಾಲೆ, ಹಸಿ ಆರದ ಮಣ್ಣಿನ ಗೋಡೆಯ ಒಂದು ಸಾಲು ಮನೆ. ಗೋಡೆಯ ಬಿರುಕಿನಲ್ಲಿ ಚೇಳು, ಸಂಜೆಯಾದರೆ ಸೊಳ್ಳೆ, ಸದಾ ಯಾರಿಗಾದರೂ ಚಳಿಜ್ವರ. ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದಿದ್ದದ್ದು ಬಾವಿಕಟ್ಟೆ.

ಮೊದಲ ಬೆಳಿಗ್ಗೆ ನಾನು ಕೊಡ ಹಿಡಿದು ಹೋದಾಗ ಪಕ್ಕದ ಮನೆಯ ಅಕ್ಕ ನೀರು ಸೇದುತ್ತಿದ್ದಳು. "ಯಾವೂರವ್ವ?" ಎಂದಳು. ಎಡತೊರೆ ಕಡೆ ಎಂದೆ.

"ಊರು ಕೇಳ್ಲಿಲ್ಲ ಕಣಮ್ಮಿ, ಕೇರಿ ಯಾವ್ದು?"

ಊರಾಚೆಯ ನಮ್ಮ ಕೇರಿಯ ಹೆಸರು ಹೇಳಿದೆ. ಮುಚ್ಚಿಡಬೇಕೆಂದು ತೋಚಲಿಲ್ಲ. ಅವಳು ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟಳು. ನಾನು ಖಾಲಿ ಕೊಡ ಹಿಡಿದು ನಿಂತೆ... ಮರುದಿನ ನನ್ನ ಗಂಡ ಹುಣಸೂರಿಗೆ ನಡೆದುಹೋಗಿ ಬೇರೆ ಹಗ್ಗ ತಂದರು. ಅಲ್ಲಿಂದಾಚೆ ಆ ಬಾವಿಗೆ ಎರಡು ಹಗ್ಗ.

ನಾನು ಕಟ್ಟೆಯಿಂದ ಇಳಿದ ಕೂಡಲೇ ಅವಳು ಕಟ್ಟೆಗೆ ಸಗಣಿ ನೀರು ಎರಚುವಳು. ನನ್ನ ಕೋಳಿ ಅವಳ ಅಂಗಳ ಹೊಕ್ಕರೆ ಕಲ್ಲು ಬೀಳುತ್ತಿತ್ತು. ನಾನೇನು ಕಡಿಮೆ? ಅವಳು ಒಣಗಹಾಕಿದ ಸೀರೆಗೆ ಬೇಕೆಂದೇ ಮೈ ತಾಗಿಸಿಕೊಂಡು ನಡೆಯುತ್ತಿದ್ದೆ. ಅವಳು ಬೈದುಕೊಂಡು ಮತ್ತೆ ಒಗೆಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತ ನಮ್ಮ ಗಂಡಂದಿರು ಒಂದೇ ಚಾಪೆಯ ಮೇಲೆ ಕೂತು, ಒಬ್ಬರನ್ನೊಬ್ಬರು ಸಹೋದರ ಎನ್ನುತ್ತಾ ಓದುತ್ತಿದ್ದರು.

ಒಂದು ಭಾನುವಾರ ಆರಾಧನೆಯಲ್ಲಿ, ಯೇಸುವಿನ ನೆನಪಿಗೆ, ಕರ್ತನ ಭೋಜನ. ದ್ರಾಕ್ಷಾರಸದ ಒಂದೇ ಬಟ್ಟಲು ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ನನ್ನ ನಂತರ ಅವಳು. ಬಟ್ಟಲನ್ನು ಸೆರಗಿನಲ್ಲಿ ಹಿಡಿದು, ತುಟಿಗೆ ತಾಗಿಸದೆ, ಕುಡಿದವಳಂತೆ ಕತ್ತೆತ್ತಿ ಮುಂದಕ್ಕೆ ದಾಟಿಸಿದಳು. ಹೊರಗೆ ಬಂದೊಡನೆ ಅಡ್ಡಗಟ್ಟಿದೆ.

"ಯಾಕಕ್ಕ, ಯೇಸಪ್ಪನ ಬಟ್ಲೂ ಮೈಲಿಗೆ ಆಯ್ತಾ?"

ಅವಳ ಮುಖ ಕಪ್ಪಿಟ್ಟಿತು. "ಗೌಡ್ರ ಮನೆ ಮಗ್ಳು ನಾನು. ಗಂಡ ಕಿರಸ್ತಾನ ಆದ ಅಂತ ಅಪ್ಪನ್ ಮನೆ ಬುಟ್ಟೆ, ಅಣ್ತಮ್ಮದೀರ್ನ ಬುಟ್ಟೆ. ನಂಗುಳ್ದಿರೋದು ಈ ಕುಲ ಒಂದೇ ಕಣಮ್ಮಿ. ಇದ್ನೂ ಬುಡು ಅಂತೀಯಾ?"

"ನನ್ನ ತುಳಿಯೋದೊಂದೇ ನಿಂಗುಳ್ದಿರೋದಾದ್ರೆ, ಬುಟ್ಬುಡಕ್ಕ," ಎಂದೆ.

ಮಾತು ದೊರೆಸಾನಿಯ ಕಿವಿಗೆ ಬಿತ್ತು. ಶಾಲೆ ನಡೆಸುತ್ತಿದ್ದ ಬಿಳಿಯ ಪಾದ್ರಿಯ ಹೆಂಡತಿ ಆಕೆ. ಒಳ್ಳೆಯವರು, ಆದರೆ ದುಡುಕಿನವರು. ಮರುದಿನ ಹೆಂಗಸರನ್ನೆಲ್ಲ ಬಾವಿಯ ಬಳಿ ಕರೆಸಿ, ನನ್ನ ಕೈಯಿಂದ ನೀರು ಸೇದಿಸಿ, ಎಲ್ಲರೆದುರು ಅದನ್ನು ಕುಡಿಯಬೇಕೆಂದು ಅಕ್ಕನಿಗೆ ಅಪ್ಪಣೆ ಮಾಡಿದರು. ಇಲ್ಲವಾದರೆ ಅಲ್ಲಿ ಅವಳಿಗೆ ಜಾಗವಿಲ್ಲ. ನಾನು ಚೊಂಬು ಚಾಚಿದೆ. ಗೆದ್ದೆನೆಂದೇ ತಿಳಿದಿದ್ದೆ. ಅವಳು ಅದನ್ನು ತೆಗೆದುಕೊಂಡು, ನನ್ನ ಕಣ್ಣನ್ನೇ ನೋಡುತ್ತಾ, ನೀರನ್ನೆಲ್ಲ ನೆಲಕ್ಕೆ ಸುರಿದಳು. ಮಧ್ಯಾಹ್ನದೊಳಗೆ ಬಟ್ಟೆಯ ಗಂಟು ಹೊತ್ತು ತವರಿನ ಕಡೆಗೆ, ಪಿರಿಯಾಪಟ್ಟಣದ ದಾರಿ ಹಿಡಿದಳು. ಅವಳ ಗಂಡ ಬೇಲಿಯವರೆಗೆ ಹಿಂದೆ ಹೋದವನು, ತಿರುಗಿ ಬಂದು ಪಾಠಕ್ಕೆ ಕೂತ.

ಮುಂದೆ ನನ್ನ ಗಂಡ ಉಪದೇಶಿಯಾದರು. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಿಗೆ ನಾನೂ ಅವರ ಜೊತೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ಊರಿನಲ್ಲಿ, ದೊಡ್ಡ ಮನೆಯೊಂದರ ಹಿತ್ತಿಲಲ್ಲಿ ಅವಳನ್ನು ಕಂಡೆ. ಕೊಟ್ಟಿಗೆಯ ಪಕ್ಕ ಸೋಗೆಯ ಮಾಡು, ಒಂದು ಮಡಕೆ, ಒಂದು ತಗಡಿನ ತಟ್ಟೆ. ಕಿರಸ್ತಾನರ ಜೊತೆ ಇದ್ದು ಬಂದವಳೆಂದು ತಂದೆ ಹೊಸಿಲು ದಾಟಗೊಟ್ಟಿರಲಿಲ್ಲ. ಸೊರಗಿದ್ದಳು, ಕಣ್ಣು ಹಳದಿಯಾಗಿತ್ತು.

"ನೋಡಕ್ ಬಂದ್ಯಾ?" ಎಂದಳು.

"ಬಾಯಾರಿತ್ತು ಅಕ್ಕ, ವಸಿ ನೀರು..." ಎಂದೆ.

"ಈ ಮನೆ ಬಾವಿ ನಾನೂ ಮುಟ್ಟಂಗಿಲ್ಲ ಕಣಮ್ಮಿ. ಅವ್ರು ಮ್ಯಾಲಿಂದ ಹುಯ್ತಾರೆ, ನಾನು ಕೈಯೊಡ್ಬೇಕು. ಈಗ ಸಮಾಧಾನ ಆಯ್ತಾ?"

ಆಗಿರಲಿಲ್ಲ. "ನಮ್ಮ ಜೊತೆ ಬಾರಕ್ಕ," ಎಂದೆ.

"ನಿನ್ ಮನೇಗಾ?" ಅಷ್ಟೇ ಅಂದು ಗೋಡೆಗೆ ಮುಖ ತಿರುಗಿಸಿದಳು. ನಾನು ಕರೆಯುತ್ತಾ ನಿಂತೆ; ತಿರುಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಹೋದಳಂತೆ... ಎಲ್ಲಿ ಹೂಳಿದರೋ ತಿಳಿಯಲಿಲ್ಲ. ಅವಳ ಗಂಡ ಬೇರೆ ಮದುವೆಯಾಗಿ, ಅವನೂ ತೀರಿಕೊಂಡ. ನನ್ನವರೂ ಈಗಿಲ್ಲ. ದಿನವೂ ಪ್ರಾರ್ಥನೆಯಲ್ಲಿ ಸತ್ತವರ ಹೆಸರೆಲ್ಲ ಹೇಳುತ್ತೇನೆ. ಅವಳ ಹೆಸರಿಗೆ ಬಂದಾಗ ನಾಲಿಗೆ ಈಗಲೂ ತಡೆಯುತ್ತದೆ. ಕ್ಷಮಿಸಿದ್ದೇನೆಂದರೆ ಸುಳ್ಳಾಗುತ್ತದೆ. ಆದರೆ ಅವಳ ಹೆಸರು ಹೇಳುವವರು ನನ್ನನ್ನು ಬಿಟ್ಟರೆ ಇನ್ನು ಯಾರೂ ಉಳಿದಿಲ್ಲ. ಅದಕ್ಕೇ ಹೇಳುತ್ತೇನೆ.