ಶಾರದತ್ತಿಗೆಯ ಮೊಣಕೈ

ನಮ್ಮ ಶಾರದತ್ತಿಗೆ ಕೈ ಎತ್ತಿದರೆ ಮೊದಲು ಏಳುತ್ತಿದ್ದುದು ಮೊಣಕೈ. ಉರಿಯುವ ಒಲೆಯಾಚೆಗಿನ ಉಪ್ಪಿನ ಡಬ್ಬಿಗೆ ಕೈ ಚಾಚುವಾಗಲೂ ಮೊಣಕೈ ಮೇಲೆ, ಬೆರಳುಗಳು ಕೆಳಗೆ ಸಡಿಲ. ಅರವತ್ತರ ದಶಕದ ಆರಂಭದಲ್ಲಿ ಅಣ್ಣನನ್ನು ಮದುವೆಯಾಗಿ ಉಡುಪಿ ಕಡೆಯಿಂದ ತೀರ್ಥಹಳ್ಳಿಗೆ ಬಂದವಳು, ಹಿತ್ತಲಿನಿಂದ ತುಂಗೆಯನ್ನು ಕಂಡದ್ದೇ ಅಮ್ಮನನ್ನು ಕೇಳಿದಳು: "ಅತ್ತೆ, ನಾನು ಒಮ್ಮೆ ಆಚೆ ದಡಕ್ಕೆ ಈಜಿ ಬರ್ಲಾ?"

"ಹೊಳೆಗೆ ಹೋಗೋದು ಬಟ್ಟೆ ಒಗೆಯೋಕೆ. ಸೊಸೆಯಂದ್ರು ಈಜೋದು ನಾನೆಲ್ಲೂ ಕಂಡಿಲ್ಲ" ಎಂದರು ಅಮ್ಮ.

ತಾನು ಇಳಿಯುವಂತಿಲ್ಲ ಎಂದಾದ ಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ನಾನಾಗ ಓದು ಮುಗಿಸಿ ಕೆಲಸ ಹುಡುಕುತ್ತಿದ್ದೆ. ಈಜಿನಲ್ಲಿ ನಾನು ಹುಲಿ ಎಂಬುದು ನನ್ನೊಬ್ಬನ ಅಭಿಪ್ರಾಯವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಊರಿನ ಹುಡುಗರು ಹೊಳೆ ದಾಟುವ ಪಂದ್ಯ ಇಟ್ಟಾಗ, ಎರಡು ಕೈಗಳನ್ನೂ ಆಕಾಶಕ್ಕೆತ್ತಿ ನೀರಿಗೆ ಬಡಿಯುತ್ತ ನಡುಹೊಳೆ ತಲುಪಿದ್ದೆ. ಮುಳುಗುತ್ತಿದ್ದೇನೆಂದು ತಿಳಿದ ದೋಣಿಯವನು ಬಂದು ಕೂದಲು ಹಿಡಿದು ಮೇಲೆಳೆದುಕೊಂಡ.

"ಬಿಡೋ, ನಾನು ಈಜ್ತಾ ಇದೀನಿ!"

"ಮುಳುಗೋರೆಲ್ಲ ಹಂಗೇ ಹೇಳ್ತಾರೆ. ಸುಮ್ನೆ ಕೂತ್ಕಳಿ."

ಈ ಕಥೆ ಕೇಳಿ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನವೇ ಜಗಲಿಯ ಬೆಂಚಿನ ಮೇಲೆ ನನ್ನನ್ನು ಬೋರಲು ಮಲಗಿಸಿದಳು. "ಎಂತ ಮಾರಾಯ, ನೀನು ಈಜುವುದಾ, ಹೊಳೆಗೆ ಹೊಡೆಯುವುದಾ? ನೀರೊಳಗೆ ದುಡಿದ ಕೈಗೆ ಹೊರಗೆ ಬಂದಾಗ ವಿಶ್ರಾಂತಿ ಬೇಡವಾ? ಮೊಣಕೈ ಮೊದಲು ಬರ್ಲಿ. ಬೆರಳು ನೀರು ಸವರಿಕೊಂಡು ಮುಂದೆ ಹೋಗ್ಲಿ." ಮೊಣಕೈ ಜೋತುಬಿದ್ದರೆ ಸೌಟಿನಿಂದ ತಿವಿಯುತ್ತಿದ್ದಳು. ಬಂದವರು ನನ್ನ ಅವಸ್ಥೆ ಕಂಡು ಗಾಬರಿಯಾದರೆ ಅಮ್ಮ, "ಬೆನ್ನು ಹಿಡ್ಕಂಡಿದೆ" ಎಂದು ಮಾನ ಉಳಿಸುತ್ತಿದ್ದರು.

ನಾನು ಹೊಳೆಗಿಳಿದಾಗ ಅವಳು ಒಗೆಯುವ ಕಲ್ಲಿನ ಬಳಿ ಕೂತು, ಒಂದೇ ಟವೆಲನ್ನು ಮತ್ತೆ ಮತ್ತೆ ಒಗೆಯುತ್ತ ನನ್ನನ್ನು ತಿದ್ದುತ್ತಿದ್ದಳು. ನಡುನಡುವೆ ಕೈ ನಿಲ್ಲಿಸಿ ಆಚೆ ದಡವನ್ನೇ ನೋಡುತ್ತಿದ್ದಳು. ಆ ಟವೆಲು ಬೇಸಿಗೆ ಮುಗಿಯುವ ಮೊದಲೇ ಹರಿಯಿತು.

ಆ ವರ್ಷದ ಪಂದ್ಯಕ್ಕೆ ಅಮ್ಮನೂ ಬಂದರು. ನಾನು ಎಲ್ಲರಿಗಿಂತ ಕೊನೆಯವನಾಗಿ ದಡ ಸೇರಿದೆ. ಆದರೆ ಸೇರಿದೆ, ಅದೂ ಯಾರೂ ಎತ್ತಿಕೊಳ್ಳದೆ! ಅಮ್ಮ ನನ್ನ ತಲೆ ಒರೆಸುತ್ತ ಅತ್ತಿಗೆಯ ಕಡೆ ತಿರುಗಿದರು. "ಈ ದಡ್ಡಂಗೇ ಇಷ್ಟು ಬರೋ ಹಂಗೆ ಮಾಡಿದೀಯ. ನಿಂಗೆ ಎಷ್ಟು ಬರಬೋದು? ನಾಳೆ ಬೆಳಿಗ್ಗೆ ಇಳಿ, ನಾನಿರ್ತೀನಿ."

ಬೆಳಿಗ್ಗೆ ಅಮ್ಮ ಒಣಸೀರೆ ಹಿಡಿದು ದಡದಲ್ಲಿ ಕಾವಲು ನಿಂತರು. ಅತ್ತಿಗೆ ಸೀರೆಯನ್ನು ಕಚ್ಚೆ ಹಾಕಿ ನೀರಿಗಿಳಿದಳು. ಅವಳ ಕೈಗಳು ಒಂದಿಷ್ಟೂ ಸದ್ದಿಲ್ಲದೆ ಎದ್ದು ಮುಂದೆ ಹೋಗುತ್ತಿದ್ದವು. ನಾನು ಬೇಸಿಗೆಯಿಡೀ ಮಾಡಿದ್ದು ಏನೆಂದು ಆಗ ತಿಳಿದು ನಾಚಿಕೆಯಾಯಿತು. ಆಚೆ ದಡದ ಬಂಡೆ ಹತ್ತಿ ಅವಳು ಎಷ್ಟೋ ಹೊತ್ತು ಸುಮ್ಮನೆ ಕೂತಳು. ಅಮ್ಮ ಕರೆಯಲಿಲ್ಲ.

ಮಳೆಗಾಲಕ್ಕೆ ಮೊದಲೇ ಅಣ್ಣನಿಗೆ ಸಾಗರಕ್ಕೆ ವರ್ಗವಾಯಿತು. ಮಕ್ಕಳಾದವು, ಸಂಸಾರ ಬೆಳೆಯಿತು. ಅವಳು ಮತ್ತೆ ಈಜಿದಳೋ ಇಲ್ಲವೋ, ನಾನು ಕೇಳಲಿಲ್ಲ.

ಹೋದ ವರ್ಷ ಅತ್ತಿಗೆ ತೀರಿಕೊಂಡಳು. ಹದಿಮೂರನೆಯ ದಿನ ಎಲ್ಲರೂ ಅವಳ ಕೈರುಚಿಯನ್ನು ಹೊಗಳುತ್ತಿದ್ದರು. ನಾನು ತಡೆಯಲಾರದೆ, ಅವಳಂತೆ ಈಜುವವರನ್ನು ನಾನು ಕಂಡೇ ಇಲ್ಲ ಎಂದೆ. ಬಡಿಸುತ್ತಿದ್ದ ಅವಳ ಹಿರಿಮಗ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟ.

"ಅಮ್ಮಂಗೆ ಈಜು ಬರ್ತಿತ್ತಾ, ಚಿಕ್ಕಪ್ಪ?"