ನೀರಿನ ಮುಂದಿನ ಎರಡು

ಮೊಮ್ಮಗಳಿಗೆ ನೀರಿನ ಸೂತ್ರ ಕಳಿಸೋಣವೆಂದರೆ ಈ ಫೋನಿನಲ್ಲಿ ಅಕ್ಷರದ ಕೆಳಗೆ ಬರುವ ಚಿಕ್ಕ ಎರಡರ ಅಂಕಿ ಸಿಗುತ್ತಿಲ್ಲ. ಎಲ್ಲಿ ಒತ್ತಿದರೂ ದಪ್ಪ ಎರಡೇ. ಆ ಅಂಕಿಗೂ ನನಗೂ ಹಳೇ ಜಗಳ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಅಪ್ಪ ಸಿದ್ದಾಪುರದ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನನ್ನ ಹೈಸ್ಕೂಲು ವಿರಾಜಪೇಟೆಯಲ್ಲಿ. ಅಪ್ಪನದು ಒಂದೇ ಷರತ್ತು: "ಒಂದಿನ ಸಾಯಂಕಾಲದ ಬಸ್ಸಿಗೆ ಬರ್ಲಿಲ್ವಾ, ಮಾರನೇ ದಿನದಿಂದ ಸ್ಕೂಲಿಲ್ಲ."

ಅವತ್ತು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ಡೂ ಸುಣ್ಣದ ನೀರೂ ಸೇರಿ ಕ್ಯಾಲ್ಸಿಯಂ ಕ್ಲೋರೈಡೂ ನೀರೂ ಆಗುವುದನ್ನು ಬರೆದು, ಸಮೀಕರಣ ಸರಿ ಮಾಡಿದವರು ಮನೆಗೆ ಹೋಗಬಹುದು ಎಂದರು. ಒಬ್ಬೊಬ್ಬರೇ ಹೋದರು. ಉಳಿದವಳು ನಾನು.

ಕ್ಲೋರಿನ್ ಸರಿಹೋಗಲೆಂದು ಆಸಿಡ್ಡಿನ ಮುಂದೆ ಎರಡು ಹಾಕಿದೆ. ಆಗ ನೀರು ಕಡಿಮೆ ಬಿತ್ತು. ಎಡಗಡೆ ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್, ಬಲಗಡೆ ಅದರರ್ಧ. ಬರೆದೆ, ಒರೆಸಿದೆ, ಮತ್ತೆ ಬರೆದೆ.

ಕಿಟಕಿಯಲ್ಲಿ ನಾನು ದಿನಾ ಹೋಗುವ ಬಸ್ಸಿನ ಮಲಯಾಳಿ ಕಂಡಕ್ಟರನ ತಲೆ ಕಂಡಿತು. "ಮೋಳೇ, ಬಸ್ಸು ಬಿಡ್ತದೆ. ಬರ್ತೀಯಾ?"

"ತಾಳಪ್ಪ, ಇವಳ ಹೈಡ್ರೋಜನ್ ಕಡಿಮೆ ಇದೆ," ಎಂದರು ಮೇಷ್ಟ್ರು.

"ಬಸ್ಸಲ್ಲಿ ಸೀಟು ಕಡಿಮೆ ಇಲ್ಲ ಸಾರ್."

ಗಾಬರಿಯಲ್ಲಿ ಎಲ್ಲವನ್ನೂ ಒಂದೇ ನೀರಿಗೆ ತುಂಬಿಸಿಬಿಟ್ಟೆ: H4O2. ಲೆಕ್ಕವೇನೋ ಕೂಡಿತು.

"ಇದ್ಯಾವೂರ ನೀರು?"

"ಸಿದ್ದಾಪುರದ್ದು ಸಾರ್."

ಕಂಡಕ್ಟರು ಕಿಸಕ್ಕನೆ ನಕ್ಕ. ಮೇಷ್ಟ್ರ ಮುಖ ಬಿಗಿಯಿತು. "ಹಾಗಾದ್ರೆ ಅದನ್ನೇ ಕುಡ್ಕೊಂಡು ಇಲ್ಲೇ ಕೂತಿರು."

ಸಿದ್ದಾಪುರದ ಕೊನೆಯ ಬಸ್ಸು ಹಾರನ್ ಹೊಡೆದು ಹೋಯಿತು. ನಾನು ಅತ್ತೆ. ಅಳುತ್ತಲೇ ಅಪ್ಪನ ಷರತ್ತು ಹೇಳಿದೆ.

"ಮೊದ್ಲೇ ಹೇಳ್ಬಾರ್ದಾಗಿತ್ತಾ?" ಮೇಷ್ಟ್ರ ದನಿ ಇಳಿದುಹೋಯಿತು. ನನ್ನ ವಿಚಿತ್ರ ನೀರನ್ನು ಒರೆಸಿ ಸರಿ ನೀರು ಬರೆದು, ಅದರ ಮುಂದೆ ಒಂದು ಎರಡು ಹಾಕಿದರು. 2HCl + Ca(OH)2 = CaCl2 + 2H2O. ಇದ್ದದ್ದು ಅಷ್ಟೇ.

ರಾತ್ರಿ ಮೇಷ್ಟ್ರ ಮನೆಯಲ್ಲಿ ಅವರ ಹೆಂಡತಿಯ ಮಗ್ಗುಲಲ್ಲಿ ಮಲಗಿದ್ದು, ಬೆಳಗಿನ ಮೊದಲ ಬಸ್ಸಿಗೆ ಮೇಷ್ಟ್ರ ಜೊತೆ ಬಂದೆ. ಅಪ್ಪ ಬಸ್ಸು ನಿಲ್ಲುವಲ್ಲೇ ನಿಂತಿದ್ದರು, ನಿನ್ನೆಯ ಅಂಗಿಯಲ್ಲೇ.

"ನೀರಿನ ಮುಂದೆ ಒಂದು ಎರಡು ಬಿಟ್ಟುಹೋಗಿತ್ತು..." ಮೇಷ್ಟ್ರು ಶುರು ಮಾಡಿದರು.

"ಒಂದು ಎರಡು ಬಿಟ್ಟುಹೋಯ್ತು ಅಂತ ನನ್ ಮಗಳು ರಾತ್ರಿ ಮನೆಗೆ ಬರ್ಲಿಲ್ವಾ ಮೇಷ್ಟ್ರೇ?"

ಮೇಷ್ಟ್ರು ನನ್ನನ್ನು ನೋಡಿದರು, ನಾನು ಅವರನ್ನು.

ಬಸ್ಸು ವಿರಾಜಪೇಟೆಗೆ ತಿರುಗಿದಾಗ ಮೇಷ್ಟ್ರೊಬ್ಬರೇ ಹತ್ತಿದರು. ಅದೇ ಕಂಡಕ್ಟರು ನನಗಾಗಿ ಬಾಗಿಲು ಹಿಡಿದುಕೊಂಡೇ ಇದ್ದ.

ಅಪ್ಪ ಬಸ್ಸಿನ ಮೈ ತಟ್ಟಿ "ರೈಟ್" ಎಂದರು.