ಮೈ ಕೊಡವದ ಮರಿ

ದೇವರು ಇದ್ದಾನೋ ಇಲ್ಲವೋ ಎನ್ನುವ ಜಗಳ ನನಗೆ ಬೇಡ. ಅದನ್ನು ಮಾಡಲು ಕೆಲಸವಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಜಗಳ ಬೇರೆ. ಇಷ್ಟೆಲ್ಲ ಹುಟ್ಟಿಸಿದವರು ಯಾರಾದರೂ ಇದ್ದರೆ, ಅವರಿಗೆ ನಮ್ಮಕ್ಕ ಯಾರು ಅಂತ ಗೊತ್ತಾ? ಮುರಿದ ಕೈಯನ್ನು ಟವಲಿನಲ್ಲಿ ಕಟ್ಟಿಕೊಂಡು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಅವಳೇ ಅಂತ ಗೊತ್ತಾ? ನಾನು ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಕ್ಷತ್ರ ಎಷ್ಟು ದೂರ, ಭೂಮಿ ಎಷ್ಟು ಚಿಕ್ಕದು ಎಂದು ಮಕ್ಕಳಿಗೆ ಪಾಠ ಮಾಡುವಾಗ ಈ ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಚುಚ್ಚುತ್ತದೆ.

ಅಕ್ಕನ ಕೈ ಮುರಿದದ್ದು ಭಾವ, ಗುದ್ದಲಿ ಕಾವಿನಿಂದ. ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲಿಲ್ಲ ಅನ್ನುವುದು ನೆಪ. ಅದಕ್ಕೂ ಮುಂಚೆ ಒಂದು ಹಲ್ಲು ಹೋಗಿತ್ತು. ಅದಕ್ಕೂ ಮುಂಚೆ, ಅವನು ಒದ್ದ ಒದೆಗೆ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು. ಕೈ ಮುರಿದ ದಿನ ಅವಳು ಕಬ್ಬಿನ ಗದ್ದೆಯೊಳಗೆ ನುಗ್ಗಿ, ಗರಿಗಳಿಂದ ಮುಖವೆಲ್ಲ ಕೊಯ್ಸಿಕೊಂಡು, ರಸ್ತೆಗೆ ಬಂದು ಸಿಕ್ಕ ಬಸ್ಸು ಹತ್ತಿದ್ದಳು.

ನಮ್ಮೂರು ಬಂಡೂರಿನ ಆಚೆಗಿದೆ. ಅಪ್ಪ ಸತ್ತ ಮೇಲೆ ಕುರಿ ಸಾಕಿ ನಮ್ಮಿಬ್ಬರನ್ನೂ ಬೆಳೆಸಿದವಳು ಅವ್ವ. ಅಕ್ಕನನ್ನು ನೋಡಿದವಳೇ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡಳು. "ಅವ್ನ ಕೈ ಸೇದೋಗ! ಅವ್ನ ವಂಸ ಆಳಾಗ!" ಎಂದು ಬೀದಿಗೆಲ್ಲ ಕೇಳುವಂತೆ ಶಪಿಸಿದಳು. ಮಳವಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನಾನು, ಪೊಲೀಸ್ ಸ್ಟೇಷನ್ನಿಗೆ ನಡಿ ಅಂದೆ. ಅಷ್ಟಕ್ಕೇ ಅವ್ವನ ದನಿ ಇಳಿಯಿತು.

"ಸುಮ್ಕಿರವ್ವ. ಮನೆ ಮಾನ ಬೀದಿಗೆ ಬೀಳ್ತದೆ."

ಬೀದಿಯಲ್ಲಿ ಬೀಳಲು ಇನ್ನೇನು ಉಳಿದಿತ್ತೋ ನನಗೆ ಇವತ್ತಿಗೂ ತಿಳಿಯದು.

ಸ್ವಲ್ಪ ದಿನಕ್ಕೆ ಭಾವ ಬಂದ. ಜೊತೆಗೆ ಅವನ ತಾಯಿ, ಅವರ ಕಡೆಯ ಹಿರಿಯರು. ನಮ್ಮೂರ ಯಜಮಾನರ ಕಾಲಿಗೆ ಉದ್ದಕ್ಕೆ ಬಿದ್ದು, "ಇನ್ಮ್ಯಾಕೆ ಕೈ ಎತ್ತಲ್ಲ ಕಣಣ್ಣ, ಎಂಡ್ರನ್ನ ಕಳ್ಸಿಕೊಡಿ" ಎಂದು ಅತ್ತ. ಅಳು ನಿಜವೇ ಇರಬಹುದು, ಹೊಡೆದ ಮೇಲೆಲ್ಲ ಅವನು ಹಾಗೇ ಅಳುತ್ತಿದ್ದನಂತೆ. ಯಜಮಾನರು ಬೀಡಿ ಎಸೆದು ತೀರ್ಪು ಕೊಟ್ಟರು.

"ಇವ್ನ್ ಮಾತ್ಗೆ ಜಾಮೀನ್ ಯಾರು? ಮಾರಮ್ಮನ್ನೇ ಕೇಳ್ಬುಡಣ. ಮರಿ ಮೈ ಒದರ್ತು ಅಂದ್ರೆ ಅವ್ಳೇ ಜಾಮೀನು. ಹೆಣ್ಣು ಹೋಗ್ಲಿ."

ನಮ್ಮ ಕಡೆ ಹರಕೆಯ ಮರಿಯನ್ನು ಸುಮ್ಮನೆ ಕಡಿಯುವುದಿಲ್ಲ. ಅದರ ಮೇಲೆ ಅರಿಶಿನದ ನೀರು ಎರಚಿ ಕಾಯುತ್ತಾರೆ. ಮರಿ ಮೈ ಕೊಡವಿದರೆ ತಾಯಿ ಒಪ್ಪಿದಳು ಅಂತ, ಕೊಡವದಿದ್ದರೆ ಇಲ್ಲ ಅಂತ. ಹೊಲದ ತಕರಾರು, ಮದುವೆ ಮಾತು, ಎಲ್ಲವನ್ನೂ ಹೀಗೇ ಕೇಳಿದ್ದಾರೆ. ಈಗ ನಮ್ಮಕ್ಕ ಆ ಕೈಗಳಿಗೆ ವಾಪಸು ಹೋಗಬೇಕೋ ಬೇಡವೋ ಎನ್ನುವುದನ್ನೂ ಒಂದು ಕುರಿಮರಿಯ ಚರ್ಮಕ್ಕೆ ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಬೆಳಿಗ್ಗೆ ನಾನು ಅಕ್ಕನ ತಲೆ ಬಾಚುತ್ತಿದ್ದೆ, ಒಂದೇ ಕೈಯಲ್ಲಿ ಅವಳಿಗೆ ಆಗುತ್ತಿರಲಿಲ್ಲ. ನೆತ್ತಿಯ ಹತ್ತಿರ ಒಂದು ಹಿಡಿ ಕೂದಲು ಕಿತ್ತ ಜಾಗ ಬೋಳಾಗಿತ್ತು. ಬಾಚಣಿಗೆ ಅಲ್ಲಿ ತಾಗದ ಹಾಗೆ ನೋಡಿಕೊಂಡೆ.

"ಮರಿ ಒದರಿದ್ರೆ ಓಯ್ತೀನಿ ಕಣೆ" ಅಂದಳು. "ಜನ ಹೇಳಿದ್ರೆ ಓಗ್ತಿರ್ಲಿಲ್ಲ. ಮಾರಮ್ಮ ಹೇಳಿದ್ರೆ ಓಗ್ಲೇಬೇಕು."

"ಅಯ್ಯೋ ನಿನ್ನ! ಆಕಾಶ, ಸಮುದ್ರ ಎಲ್ಲ ಮಾಡಿಟ್ಟೋಳು ನಿನ್ನ ಒಂದು ಕೈ ನೋಡ್ಕೊಂಡು ಕೂತಿರ್ತಾಳಾ?"

ಅಂಗಳದಲ್ಲಿ ಮರಿಗೆ ಹಲಸಿನ ಸೊಪ್ಪು ತಿನ್ನಿಸುತ್ತಿದ್ದ ಅವ್ವ ಅಲ್ಲಿಂದಲೇ ಗದರಿದಳು. "ಮೂರ್ ಲೋಕ ಹೆತ್ತೋಳು ಕಣಮ್ಮಿ ಅವ್ಳು. ಹೆತ್ತೋಳ್ಗೆ ಮಕ್ಳ ಗುರ್ತು ಮರ್ತೋದದಾ? ನಿನ್ ಸೈನ್ಸು ಇಸ್ಕೂಲಲ್ಲೇ ಇಟ್ಕೊ."

ಆ ಮರಿಯನ್ನು ಅವಳು ರಾಗಿ ಗಂಜಿ ಕುಡಿಸಿ ಮಗುವಿನ ಹಾಗೆ ಸಾಕಿದ್ದಳು. ಗಿಡ್ಡ ಕಾಲು, ತುಂಬಿದ ಬೆನ್ನು, ಬಂಡೂರು ತಳಿಯೆಂದು ಎಂಥವರೂ ಗುರುತಿಸುವಂಥದ್ದು.

ಗುಡಿಯ ಮುಂದೆ ಕಡಿದರೆ ಪೊಲೀಸರು ಬರುತ್ತಾರೆಂದು ಗುಡಿಯ ಹಿಂದೆ, ಹುಣಸೆ ಮರದ ಕೆಳಗೆ ಸೇರಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಪೂಜಾರಿ ಬೇವಿನ ಸೊಪ್ಪನ್ನು ಅರಿಶಿನದ ನೀರಿಗೆ ಅದ್ದಿ ಮರಿಯ ಬೆನ್ನ ಮೇಲೆ ಎರಚಿದ. ಮರಿ ಸುಮ್ಮನೆ ಮೆಲುಕು ಹಾಕುತ್ತ ನಿಂತಿತು. ಮತ್ತೆ ಎರಚಿದ. ಅದು ಕಣ್ಣು ಮಿಟುಕಿಸಿತು, ಅಷ್ಟೆ. ಅವ್ವ ಮಣ್ಣಿನಲ್ಲಿ ಅಡ್ಡಬಿದ್ದು, ಮುಖ ಮೇಲೆತ್ತದೆ, ಏನೋ ಬೇಡಿಕೊಳ್ಳತೊಡಗಿದಳು. ಪೂಜಾರಿ ಚೊಂಬನ್ನೇ ಬೆನ್ನ ಮೇಲೆ ಬಗ್ಗಿಸಿದ. ನೀರು ಉಣ್ಣೆಯಿಂದ ಹನಿ ಹನಿಯಾಗಿ ಇಳಿಯಿತು. ಮರಿ ಅಲುಗಲಿಲ್ಲ.

ಸರಿ, ಮುಗಿಯಿತಲ್ಲ! ಮಾರಮ್ಮ ಇಲ್ಲ ಅಂದಳಲ್ಲ! ನನಗೆ ಕೂಗಿಕೊಳ್ಳುವಷ್ಟು ಖುಷಿಯಾಯಿತು. ಆದರೆ ಜನ ಮರಿಯನ್ನು ಬಿಟ್ಟು ಅಕ್ಕನನ್ನು ನೋಡತೊಡಗಿದರು.

"ಏನೋ ಮೈಲ್ಗೆ ಆಗದೆ" ಎಂದರು ಯಜಮಾನರು. "ಏನವ್ವ, ಮುಟ್ಟಾಗಿದ್ದೀಯಾ?"

ಅಷ್ಟು ಗಂಡಸರ ಮುಂದೆ ಅಕ್ಕ ಇಲ್ಲವೆಂದು ತಲೆ ಅಲ್ಲಾಡಿಸಬೇಕಾಯಿತು. ಅವಳ ಅತ್ತೆ, "ಮುಟ್ಟಲ್ಲ, ನಡ್ತೆ ಕೇಳಿ ನಡ್ತೆಯ" ಅಂದಳು. ನಾನು ಆ ಮುದುಕಿಯ ಕಡೆಗೆ ನುಗ್ಗಿದೆ, ಯಾರೋ ಹೆಂಗಸರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

ಅಷ್ಟರಲ್ಲಿ ಭಾವ, "ಬುಡ್ಲಾ ಅತ್ಲಾಗಿ" ಎಂದು ಪೂಜಾರಿಯನ್ನು ತಳ್ಳಿ ಪಕ್ಕದಲ್ಲಿದ್ದ ನೀರಿನ ಬಿಂದಿಗೆ ಎತ್ತಿಕೊಂಡ. ಮರಿಯ ಕತ್ತನ್ನು ತೊಡೆಗಳ ನಡುವೆ ಅಮುಕಿ, ಅದರ ಕಿವಿಯೊಳಕ್ಕೆ ನೀರು ಸುರಿದ. ಕಿವಿಗೆ ನೀರು ಹೋದರೆ ಯಾವ ಪ್ರಾಣಿ ಸುಮ್ಮನಿರುತ್ತದೆ? ಬಿಟ್ಟ ಕೂಡಲೇ ಮರಿ ತಲೆಯಿಂದ ಬಾಲದವರೆಗೂ ಮೈ ಕೊಡವಿತು. ಎಲ್ಲರ ಮೇಲೂ ನೀರು ಸಿಡಿಯಿತು. "ಒದರ್ತು! ಒದರ್ತು!" ಎಂದು ಊರೇ ಕೂಗಿತು. ಅವನು ಕಿವಿಗೆ ನೀರು ಸುರಿದದ್ದನ್ನು ಎಲ್ಲರೂ ನೋಡಿದ್ದರು. ಇದು ಮೋಸ ಎಂದು ಒಬ್ಬನೂ ಹೇಳಲಿಲ್ಲ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದವನು ಕೂಡ. ಮಚ್ಚು ಬಿತ್ತು. ತಲೆ ಒಂದು ಕಡೆ ಉರುಳಿತು, ಮುಂಡ ಇನ್ನೊಂದು ಕಡೆ ಕಾಲು ಒದರುತ್ತ ಬಿತ್ತು, ರಕ್ತ ಬಿಸಿಯಾಗಿ ಅಕ್ಕನ ಸೀರೆಗೆ ಹಾರಿತು.

"ಆಯ್ತಲ್ಲ, ಅಮ್ಮ ಒಪ್ಪಿದ್ಲಲ್ಲ. ನಡಿಯೇ" ಎಂದ ಭಾವ, ಪಟ್ಟಿ ಹಾಕಿದ್ದ ಕೈಯನ್ನೇ ಹಿಡಿದು ಜಗ್ಗಿದ. ಅಕ್ಕ ಕಿರುಚಿದಳು. ಕಿರುಚಿದ್ದಕ್ಕೆ ಕಪಾಳಕ್ಕೆ ಬಾರಿಸಿದ, ದೇವರು ಜಾಮೀನು ನಿಂತು ಇನ್ನೂ ರಕ್ತ ಆರಿರಲಿಲ್ಲ.

ಅವ್ವ ಎದ್ದದ್ದನ್ನು ನಾನು ನೋಡಲಿಲ್ಲ. ಕಡಿಯುವವನ ಕೈಯಿಂದ ಮಚ್ಚು ಕಿತ್ತುಕೊಂಡದ್ದನ್ನು ನೋಡಿದೆ. ಮುಖಕ್ಕೆಲ್ಲ ಮಣ್ಣು ಮೆತ್ತಿತ್ತು. ಮಚ್ಚಿನ ಬೆನ್ನು ತಿರುಗಿಸಿ ಭಾವನ ಹೆಗಲಿಗೆ ಇಳಿಸಿದಳು. ಮೂಳೆ ಲಟಕ್ಕೆಂದಿತು. ಅವನು ಮರಿಯ ರಕ್ತದ ಮೇಲೇ ಕುಸಿದ. ಅವ್ವ ಇನ್ನೊಂದು ಕೊಟ್ಟಳು, ಮೊಣಕೈಗೆ. ಹಿಡಿಯಲು ಬಂದ ಯಜಮಾನರ ಕಡೆಗೆ ಮಚ್ಚಿನ ಬಾಯಿ ತಿರುಗಿಸಿದಳು.

"ಮೂರ್ ಲೋಕ ಹೆತ್ತೋಳ್ಗೆ ನೂರೆಂಟ್ ಕೆಲ್ಸ ಇರ್ತವೆ. ನಾನ್ ಹೆತ್ತಿರೋದು ಎಲ್ಡೇ ಕಣ್ರಲಾ! ಬರ್ರಲಾ, ಯಾರ್ ಬತ್ತೀರಾ ಬರ್ರಿ!"

ಯಾರೂ ಬರಲಿಲ್ಲ. ಆ ಮರಿಯ ಬಾಡನ್ನು ಊರಲ್ಲಿ ಯಾರೂ ಮುಟ್ಟಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಸುಳ್ಳು. ಚೆನ್ನಾಗಿಯೇ ಉಂಡರು. ಭಾವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ದೂರು ಕೊಡಲಿಲ್ಲ, ಕೊಟ್ಟಿದ್ದರೆ ಅಕ್ಕನ ಎಕ್ಸ್‌ರೇನೂ ಹೊರಗೆ ಬರುತ್ತಿತ್ತು. ಆಮೇಲೆ ಆ ಕಡೆಯಿಂದ ಯಾರೂ ಕರೆಯಲು ಬರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಅಕ್ಕನ ಕೈ ಒಣಗಿದ ಕಡ್ಡಿಯ ಹಾಗೆ ಕಂಡಿತು. ಒಂದು ಸಂಜೆ ಬಚ್ಚಲಲ್ಲಿ ಅವ್ವ ಅದನ್ನು ಹಿಡಿದು ಬಿಸಿನೀರು ಹುಯ್ಯುತ್ತ ನೀವುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನೋಡಿದ್ಯಾ ಅವ್ವ? ನಿನ್ನ ಮಾರಮ್ಮನಿಗೆ ಅಕ್ಕ ಯಾರು ಅಂತಲೇ ಗೊತ್ತಿರಲಿಲ್ಲ."

"ಬಾಯ್ ಮುಚ್ಚು" ಅಂದಳು ಅವ್ವ. "ಅವ್ಳು ಬ್ಯಾಡ ಅಂದ್ಲು. ಪೂಜಾರಿ ನೀರ್ ಹಾಕ್ದಾಗ್ಲೆಲ್ಲ ಮರಿ ಕಲ್ಲಂಗೆ ನಿಂತಿತ್ತು. ಇನ್ನೆಂಗ್ ಹೇಳ್ಬೇಕಿತ್ತು ಅವ್ಳು?"

ಅವ್ವ ನೀರು ಹುಯ್ಯುವುದನ್ನು ನಿಲ್ಲಿಸಿದಳು.

"ಮಣ್ಗೆ ಮೊಕ ಹಾಕ್ಕಂಡು ನಾನೇನ್ ಬೇಡ್ಕತಿದ್ದೆ ಗೊತ್ತಾ? ಒದರ್ಸ್ಬುಡು ತಾಯಿ, ಇವ್ಳು ಓಗ್ಬುಡ್ಲಿ, ಊರೋರ್ ಬಾಯ್ಗೆ ಸಿಕ್ಕಿ ನನ್ಗೆ ಸಾಕಾಗದೆ ಅಂತ."

ಅಕ್ಕ ತಲೆ ಎತ್ತಿದಳು. "ನೀನೂ ಓಗ್ಲಿ ಅಂತಿದ್ಯಾ ಅವ್ವ?"

"ಊಂ ಕಣವ್ವ. ನಾನೂ."

ಅಕ್ಕ ಅವ್ವನ ಹಿಡಿತದಿಂದ ಕೈ ಬಿಡಿಸಿಕೊಂಡು, ಚೊಂಬು ತೆಗೆದುಕೊಂಡು, ಉಳಿದ ನೀರನ್ನು ತಾನೇ ಹುಯ್ದುಕೊಂಡಳು.